ಹಳ್ಳದ ತಲೆ ನಕಾಶೆಯಲ್ಲಿಲ್ಲ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಗುಡ್ಡದ ಜಾಗ ಅಲಿನೇಷನ್‌ಗೆ, ಅಂದರೆ ಕೃಷಿಯೇತರ ಬಳಕೆಗೆ ಭೂ ಪರಿವರ್ತನೆಗೆ, ಬಂದಾಗ ಕಡತದಲ್ಲಿ ಪಹಣಿ, ಗ್ರಾಮ ನಕಾಶೆ, ಸರ್ವೆ ಸ್ಕೆಚ್ ಇರುತ್ತವೆ. ದೊಡ್ಡ ಹಳ್ಳವಾದರೆ ‘ಬಿ ಖರಾಬು’ (ಸಾರ್ವಜನಿಕ ಜಾಗ) ಎಂದು ದಾಖಲಾಗಿರುತ್ತದೆ, ಮುಟ್ಟಲು ಜನ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ. ಆ ಹಳ್ಳ ಹುಟ್ಟುವ ಒರತೆ, ಅದರ ಕೆಳಗಿನ ಅರ್ಧ ಎಕರೆ ಜೌಗು ಹಡ್ಲು, ಮಳೆಗಾಲದಲ್ಲಷ್ಟೇ ಹರಿಯುವ ಕೊರಕಲು ಹೆಚ್ಚಾಗಿ ಹಿಡುವಳಿಯೊಳಗೇ ಇರುವುದರಿಂದ ಕಾಗದಕ್ಕೆ ಬಂದಿರುವುದಿಲ್ಲ. ಜೆಸಿಬಿ ಮೊದಲು ಮುಚ್ಚುವುದು ಇವನ್ನೇ.

ಸರ್ಕಾರಿ ನಕಾಶೆ, ಉಪಗ್ರಹ ನಕ್ಷೆ ಇವೆಯಲ್ಲ ಎಂಬ ಉತ್ತರ ಸಿದ್ಧವಿರುತ್ತದೆ. ಸರ್ವೆ ಆಫ್ ಇಂಡಿಯಾ ನಕಾಶೆ 1:50,000 ಅಳತೆಯದು. ಹಾಳೆಯ ಒಂದು ಮಿಲಿಮೀಟರ್ ಅಂದರೆ ನೆಲದಲ್ಲಿ 50 ಮೀಟರ್. ಎರಡು ಮಾರು ಅಗಲದ ಹಳ್ಳದಿಂದ 15 ಮೀಟರ್ ಬಿಡಿ ಎಂದು ಅದರ ಮೇಲೆ ಅಳೆಯಹೊರಟರೆ ಗೆರೆಯ ದಪ್ಪವೇ ಆ 15 ಮೀಟರನ್ನು ನುಂಗಿರುತ್ತದೆ. 2011ರ ರಾಷ್ಟ್ರೀಯ ಜೌಗುಪ್ರದೇಶ ಅಟ್ಲಾಸ್‌ನಲ್ಲಿ 2.25 ಹೆಕ್ಟೇರ್‌ಗಿಂತ ಚಿಕ್ಕವು ಬರೀ ಚುಕ್ಕೆ. ಸುಮಾರು ಐದೂವರೆ ಎಕರೆ ಆಯಿತು. ನಮ್ಮ ಹಡ್ಲುಗಳಲ್ಲಿ ಅಷ್ಟು ದೊಡ್ಡವು ಅಪರೂಪ. ಸಾಲದ್ದಕ್ಕೆ 2017ರ ಜೌಗುಪ್ರದೇಶ ನಿಯಮಗಳು ನದೀಪಾತ್ರವನ್ನೂ ಭತ್ತದ ಗದ್ದೆಯನ್ನೂ ವ್ಯಾಖ್ಯಾನದಿಂದಲೇ ಹೊರಗಿಟ್ಟಿವೆ.

ಎತ್ತರದ ದತ್ತಾಂಶದಿಂದ ಕಂಪ್ಯೂಟರಿನಲ್ಲಿ ಹಳ್ಳ ಎಳೆಯಬಹುದು, ಎಳೆಯಲೂ ಬೇಕು. ಆದರೆ ಉಚಿತವಾಗಿ ಸಿಗುವ ಕಾರ್ಟೋಸ್ಯಾಟ್ ಉಪಗ್ರಹದ ದತ್ತಾಂಶದಲ್ಲಿ ಒಂದು ಚೌಕದ ಬದಿ 30 ಮೀಟರ್, ಅಂದರೆ ಒಂಬತ್ತು ಗುಂಟೆ ಜಾಗಕ್ಕೆ ಒಂದೇ ಎತ್ತರ. ಕಾನಿನಲ್ಲಿ ಅದು ಅಳೆದಿರುವುದು ನೆಲವನ್ನಲ್ಲ, ಮರದ ನೆತ್ತಿಯನ್ನು. ಹಾಗಾಗಿ ಇಕ್ಕಟ್ಟಿನ ಕಣಿವೆ ಮುಚ್ಚಿಹೋಗಿ ಹಳ್ಳ ಪಕ್ಕದ ದಿಣ್ಣೆ ಹತ್ತಿರುತ್ತದೆ. ಸಪಾಟು ಗದ್ದೆಬಯಲಿನಲ್ಲಿ ಇಲ್ಲದ ಹಳ್ಳಗಳು ಬಾಚಣಿಗೆ ಹಲ್ಲಿನಂತೆ ಸಾಲಾಗಿ ಏಳುತ್ತವೆ. ಎಷ್ಟು ಚೌಕಗಳ ನೀರು ಕೂಡಿದರೆ ಹಳ್ಳ ಎನ್ನಬೇಕೆಂಬ ಅಂಕಿಯೂ ಇಡೀ ಜಿಲ್ಲೆಗೆ ಒಂದೇ ಆಗಬಾರದು. ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆಯಾಗುವ ಆಗುಂಬೆಯಲ್ಲಿ ಹಳ್ಳ ಗುಡ್ಡದ ನೆತ್ತಿಗೆ ಹತ್ತಿರವೇ ಹುಟ್ಟುತ್ತದೆ. ಅದರ ಕಾಲುಭಾಗ ಮಳೆಯೂ ಕಾಣದ ಶಿಕಾರಿಪುರದ ಲೆಕ್ಕ ಅಲ್ಲಿ ನಡೆಯದು.

ಹಾಗಾಗಿ ಹಳ್ಳದುದ್ದಕ್ಕೂ ನಡೆದೇ ನೋಡಬೇಕು, ಅದೂ ಎರಡು ಸಲ: ದೀಪಾವಳಿ ಹೊತ್ತಿಗೊಮ್ಮೆ, ಅಡ್ಡಮಳೆಗೆ ಮುಂಚೆ ಮಾರ್ಚ್‌ನಲ್ಲೊಮ್ಮೆ. ಎರಡೂ ಸಲ ನೀರು ಹರಿದರೆ ಅದು ಬೇರೆ ದರ್ಜೆ, ಮಾರ್ಚ್‌ಗೆ ಗುಂಡಿಗಳಲ್ಲಷ್ಟೇ ನಿಂತಿದ್ದರೆ ಬೇರೆ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಕವಲು ಸಿಕ್ಕಲ್ಲೆಲ್ಲ ಎರಡನ್ನೂ ಒರತೆಯವರೆಗೆ ಹಿಡಿಯಬೇಕು. ಪ್ರತಿ 50 ಮೀಟರಿಗೆ ಒಂದು ಗುರುತು. ಬರೆಯಬೇಕಾದ್ದು ಅಂದಿನ ನೀರಿನ ಅಗಲವನ್ನಲ್ಲ, ತುಂಬಿ ಹರಿದಾಗಿನ ಅಗಲವನ್ನು. ತೊಳೆದು ಬೆತ್ತಲಾದ ಬೇರು, ಕೊಂಬೆಗೆ ಸಿಕ್ಕ ಕಸ ಅದನ್ನು ಹೇಳುತ್ತವೆ. ಜೊತೆಗೆ ತಳ ಬಂಡೆಯೋ ಗುಂಡುಕಲ್ಲೋ ಮರಳೋ ಕೆಸರೋ, ನೆರಳೆಷ್ಟು ಎಂಬುದು. ದಟ್ಟ ಮರದಡಿ ಮೊಬೈಲ್ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಅಲೆಯುತ್ತದೆ. ಎರಡು ನಿಮಿಷ ನಿಂತು ಸರಾಸರಿ ತೆಗೆದು, ಮೋರಿ, ಗಡಿಕಲ್ಲು ಇದ್ದಲ್ಲಿ ಅವಕ್ಕೆ ತಾಳೆ ಹಾಕಬೇಕು.

ಮೋರಿಗಳನ್ನೂ ಬರೆದುಕೊಳ್ಳಬೇಕು. ಪೈಪಿನ ತುದಿಯಿಂದ ನೀರು ಗೇಣುದ್ದ ಕೆಳಗೆ ಬೀಳುತ್ತಿದ್ದರೆ ಬಿದ್ದ ರಭಸಕ್ಕೆ ತಳ ಕೊರೆದು ಅಂತರ ವರ್ಷವರ್ಷ ಹೆಚ್ಚುತ್ತದೆ. ಮುಂಗಾರಿನ ಮೊದಲ ನೆರೆಗೆ ಗದ್ದೆಯತ್ತ ಏರುವ ಹತ್ತುಮೀನು ಅಲ್ಲೇ ಗುಂಪಾಗಿ ನಿಲ್ಲುತ್ತದೆ. ಕೂಳಿ (ಮೀನು ಹಿಡಿಯುವ ಬುಟ್ಟಿ) ಇಡುವವರಿಗೆ ಅದು ಹಬ್ಬ.

ಸೂಕ್ಷ್ಮ ನೆಲೆ ಎಷ್ಟು ಚಿಕ್ಕದಿರಬಹುದು ಎನ್ನುವುದಕ್ಕೆ ಶರಾವತಿ ಕಣಿವೆಯ ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗುಕಾಡು, ನೋಡಬೇಕು. ಮರದ ಬೇರುಗಳು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಎದ್ದಿರುತ್ತವೆ. ಅಲ್ಲಿನ ಕುಂಬಾರ ಕಪ್ಪೆಗೆ ವಿಜ್ಞಾನ ಹೆಸರಿಟ್ಟಿದ್ದೇ 2014ರಲ್ಲಿ. ನೀರಿನ ಮೇಲೆ ಚಾಚಿದ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಗಂಡುಕಪ್ಪೆ ಹಳ್ಳದ ತಳದ ಕೆಸರನ್ನು ಮುಂಗೈಯಲ್ಲಿ ತಂದು ಮೆತ್ತುತ್ತದೆ. ಮೇಲೆ ಒಂದು ಲೋಡು ಧರೆಮಣ್ಣು ಸುರಿದರೆ ಆ ಕಡ್ಡಿಯೂ ಇಲ್ಲ, ಕಪ್ಪೆಯೂ ಇಲ್ಲ.

ಹಳ್ಳದ ಪಕ್ಕ ಏನೂ ಕಟ್ಟದೆ ಅಂಚು ಬಿಡುವ ವಿಚಾರದಲ್ಲಿ ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ರಲ್ಲಿದ್ದ ರಾಜಕಾಲುವೆಯ ಮಾದರಿ, ಅಂದರೆ ದೊಡ್ಡದಕ್ಕೆ 50 ಮೀಟರ್, ನಡುವಿನದಕ್ಕೆ 25, ಚಿಕ್ಕದಕ್ಕೆ 15 ಎಂಬ ಇಳಿಲೆಕ್ಕ, ಗುಡ್ಡಕ್ಕೆ ಹೊಂದುವುದಿಲ್ಲ. ಇಲ್ಲಿ ತಲೆಹಳ್ಳದ ಪಕ್ಕವೇ ಇಳಿಜಾರು ಕಡಿದಾಗಿದೆ, ಅಗೆದ ಮಣ್ಣು ಜಾರುವುದು ನೇರ ಅಲ್ಲಿಗೇ. ಇಳಿಜಾರು ಹೆಚ್ಚಿದಂತೆ ಅಂಚು ಹೆಚ್ಚಬೇಕು, ಅಳತೆ ಹಳ್ಳದ ನಡುಗೆರೆಯಿಂದಲ್ಲ, ದಡದಿಂದ ಶುರುವಾಗಬೇಕು.

ಹೀಗೆ ನಡೆದು ಗುರುತಿಸಿದ ನಕಾಶೆಯ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ, ಇನ್ನೊಂದು ತಾಲ್ಲೂಕು ಸರ್ವೆ ಕಚೇರಿಗೆ ಹೋಗಲಿ. ಅಲಿನೇಷನ್‌ನ ಸ್ಥಳ ಪರಿಶೀಲನಾ ವರದಿಯಲ್ಲಿ ಒಂದು ಕಾಲಂ ಸೇರಲಿ: ಹತ್ತಿರದ ಒರತೆ ಎಷ್ಟು ಮೀಟರ್, ನೋಡಿದ ತಿಂಗಳು ಯಾವುದು. ತಿಂಗಳು ಬರೆಯದ ವರದಿಯನ್ನು ವಾಪಸ್ ಕಳಿಸಬೇಕು. ಮೇ ತಿಂಗಳಲ್ಲಿ ಹೋದವರಿಗೆ ಹಳ್ಳ ಕಾಣುವುದಿಲ್ಲ.

ಹಳ್ಳ ಅಳೆಯುವ ಕೆಲಸದವರು,
ತೀರ್ಥಹಳ್ಳಿ ತಾಲ್ಲೂಕು