ಕುಮಾರಣ್ಣ, ಕೈ ಹಾಕುವ ಮುಂಚೆ ಒಂದು ಮಾತು ಹೇಳಲಿ

ಮಂಡ್ಯ ಲೋಕಸಭಾ ಸದಸ್ಯರೂ ಕೇಂದ್ರ ಸಚಿವರೂ ಆದ ಶ್ರೀ ಎಚ್.ಡಿ. ಕುಮಾರಸ್ವಾಮಿ ಅವರಿಗೆ,

ಕುಮಾರಣ್ಣ, ನಮಸ್ಕಾರ.

ಮಂಡ್ಯದಿಂದ ನಿಮಗೆ ಬರುವ ಪತ್ರಗಳಲ್ಲಿ ನಾಲೆ ನೀರು, ಕಬ್ಬಿನ ಬಾಕಿ, ಮೈಷುಗರ್ ಇಷ್ಟೇ ಇರುತ್ತೆ ಅನ್ಸುತ್ತೆ. ಇದು ಏರ್‌ಪೋರ್ಟ್ ವಿಷಯ, ಅಲ್ಲಿ ಹೆಂಗಸರ ಮೈ ತಪಾಸಣೆ ಮಾಡುವ ರೀತಿಯ ವಿಷಯ. ಮಂಡ್ಯದಲ್ಲಿ ಏರ್‌ಪೋರ್ಟೇ ಇಲ್ವಲ್ಲ ಅಂತ ನಗಬೇಡಿ. ಏರ್‌ಪೋರ್ಟ್ ಇಲ್ಲದಿದ್ದರೂ ವಿಮಾನ ಹತ್ತುವವರಿಗೆ ನಮ್ಮಲ್ಲಿ ಬರವಿಲ್ಲ. ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್‌ನಿಂದ ಹಾರುವುದು ಸಣ್ಣ ವಿಮಾನಗಳು, ಅವೂ ಕೆಲವು ಊರಿಗೆ ಮಾತ್ರ. ಹಾಗಾಗಿ ಹೊರದೇಶಕ್ಕೆ ಹೋಗುವವರೆಲ್ಲ ಬೆಂಗಳೂರಿನ ದೇವನಹಳ್ಳಿಗೇ ಹೋಗಬೇಕು.

ನಾನು ಊರಲ್ಲಿ ಒಂದು ಸಣ್ಣ ಸೈಬರ್ ಸೆಂಟರ್ ನಡೆಸುತ್ತೇನೆ. ಪಹಣಿ, ಆಧಾರ್ ತಿದ್ದುಪಡಿ, ಪಾಸ್‌ಪೋರ್ಟ್ ಅರ್ಜಿ, ವೀಸಾ ಫಾರಂ, ವೆಬ್ ಚೆಕ್‌ಇನ್ ಎಲ್ಲಾ ಮಾಡಿಕೊಡುತ್ತೇನೆ. ವೀಸಾಕ್ಕೆ ಅಂತ ಬರುವವರಲ್ಲಿ ಜಾಸ್ತಿ ಜನ ತಾಯಂದಿರು. ಮಗಳೋ ಸೊಸೆಯೋ ಅಮೆರಿಕದಲ್ಲಿ ಬಸುರಿ. ಇವರು ಬಾಣಂತನ ಮಾಡಲು ಹೊರಟವರು. ಬೆಂಗಳೂರನ್ನೇ ಸರಿಯಾಗಿ ನೋಡದವರು ಒಂದೇ ಸಲಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಾರೆ. ಬಾಣಂತಿ ಲೇಹ್ಯ ಬಿಡ್ತಾರಾ, ಉಪ್ಪಿನಕಾಯಿ ಯಾವ ಬ್ಯಾಗಿಗೆ ಹಾಕಬೇಕು, ಖಾರದ ಪುಡಿ ಎಷ್ಟು ಕೆಜಿ, ಎಲ್ಲವನ್ನೂ ಗಟ್ಟಿಯಾಗಿ ಕೇಳುತ್ತಾರೆ. ಆಮೇಲೆ ಜೊತೆಗೆ ಬಂದ ಮಗ ಝೆರಾಕ್ಸ್ ಮಾಡಿಸಲು ಆ ಕಡೆ ಹೋದಾಗ ಹತ್ತಿರ ಬಂದು ಮೆಲ್ಲಗೆ ಇನ್ನೊಂದು ಕೇಳುತ್ತಾರೆ: "ಅಕ್ಕ, ಅಲ್ಲಿ ಸೀರೆ ಬಿಚ್ಚುಸ್ತಾರಂತೆ, ನಿಜ್ವಾ?"

ಇಲ್ಲ ಕಣಮ್ಮ, ಸೀರೆ ಬಿಚ್ಚಿಸಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. "ಮತ್ತೆ ಏನ್ ಮಾಡ್ತಾರೆ?" ಅಂದರೆ ತೊದಲುತ್ತೇನೆ. ಎಲ್ಲೆಲ್ಲಿ ಮುಟ್ಟುತ್ತಾರೆ, ಬೇಡ ಅನ್ನಬಹುದಾ, ಜೊತೆಗೆ ಸೊಸೆಯನ್ನು ಕರೆದುಕೊಂಡು ಹೋಗಬಹುದಾ, ಮಂಡಿಯಲ್ಲಿ ಸ್ಟೀಲ್ ಇದ್ದರೆ ಏನು ಗತಿ, ಇದನ್ನೆಲ್ಲ ಕನ್ನಡದಲ್ಲಿ ಬರೆದ ಒಂದು ಹಾಳೆ ಸಿಕ್ಕರೆ ಪ್ರಿಂಟ್ ತೆಗೆದು ಕೈಗೆ ಕೊಡುತ್ತಿದ್ದೆ. ನಾನು ಹುಡುಕಿದ ಮಟ್ಟಿಗೆ ಅಂಥದ್ದು ಸಿಕ್ಕಿಲ್ಲ.

ತಪಾಸಣೆಯೇ ಬೇಡ ಅಂತ ನಾನು ಬರೆಯುತ್ತಿಲ್ಲ. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಸಿಕ್ಕಿ 329 ಜನ ಸತ್ತರು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ದೆಹಲಿಗೆ ಹೊರಟ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರು. ನಮ್ಮ ಏರ್‌ಪೋರ್ಟ್‌ಗಳ ಕಾವಲು ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಕೈಗೆ ಹೋಗಲು ಶುರುವಾದದ್ದು ಅದರ ಮಾರನೇ ವರ್ಷ, 2000ದಲ್ಲಿ. ತಪಾಸಣೆಯ ಬೂತಿನಲ್ಲಿ ಪಾಳಿಯುದ್ದಕ್ಕೂ ನಿಂತು ಗುರುತಿಲ್ಲದವರ ಮೈ ತಡವುವ ಹೆಣ್ಣುಮಕ್ಕಳ ಕೆಲಸವೂ ಸುಖದ್ದೇನಲ್ಲ. ಗಂಡಸರ ಕ್ಯೂ ಸರಸರ ಸಾಗುವಾಗ ಹೆಂಗಸರ ಕ್ಯೂ ನಿಂತಲ್ಲೇ ನಿಂತಿರುವುದನ್ನು ನೋಡಿದವರಿಗೆ ಇನ್ನಷ್ಟು ಮಹಿಳಾ ಸಿಬ್ಬಂದಿ ಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೂ ಒಂದು ವಿಷಯ ನಿಮಗೆ ಹೇಳಲೇಬೇಕು. ನಮ್ಮ ಅತ್ತಿಗೆಗೆ ಎರಡೂ ಮಂಡಿ ಆಪರೇಷನ್ ಆಗಿದೆ. ಮಗಳ ಬಾಣಂತನ ಮುಗಿಸಿ ಬಂದರು. ಮಗುವಿನ ಫೋಟೋ ತೋರಿಸಿದರು, ಅಲ್ಲಿನ ಚಳಿ, ಅಲ್ಲಿನ ಹಾಲು, ಎಲ್ಲದರ ಬಗ್ಗೆ ಮಾತಾಡಿದರು. ಇದನ್ನು ಮಾತ್ರ ಬಹಳ ದಿನ ಬಿಟ್ಟು, ಅಣ್ಣ ಮನೆಯಲ್ಲಿ ಇಲ್ಲದಾಗ ಹೇಳಿದರು. ಯಾವ ಊರಿನ ಏರ್‌ಪೋರ್ಟ್ ಅಂತ ಬರೆಯುವುದಿಲ್ಲ, ಒಬ್ಬರ ಮೇಲೆ ದೂರು ಹಾಕಲು ಈ ಪತ್ರ ಬರೆಯುತ್ತಿಲ್ಲ. ಬಾಗಿಲಿನಂಥ ಯಂತ್ರ ದಾಟುತ್ತಲೇ ಅದು ಕೂಗಿತು. ಪರದೆಯ ಒಳಗೆ ಕರೆದರು. ಪರದೆ ಪೂರ್ತಿ ಎಳೆದಿರಲಿಲ್ಲ. ಕೈಯಲ್ಲಿದ್ದ ಯಂತ್ರ ಮಂಡಿ ಹತ್ತಿರ ಮತ್ತೆ ಕೂಗಿತು. ತಪಾಸಣೆ ಮಾಡುವಾಕೆ ಏನೋ ಕೇಳಿದರು, ಇವರಿಗೆ ಭಾಷೆ ತಿಳಿಯಲಿಲ್ಲ. ಆಮೇಲೆ ಮಾತಿಲ್ಲ, ಕತೆಯಿಲ್ಲ, ಕೈ ನೆರಿಗೆಯ ಒಳಗೆ ಹೋಯಿತು. ಹೊರಗೆ ಕ್ಯೂನಲ್ಲಿ ನಿಂತವರು ನೋಡುತ್ತಿದ್ದರು. "ಆವಮ್ಮನೂ ಹೆಣ್ಣೇ ಕಣೆ, ಬೈಯಕ್ಕೂ ಆಗ್ನಿಲ್ಲ. ಒಂದ್ ಮಾತ್ ಹೇಳಿ ಕೈ ಹಾಕ್ಬೋದಿತ್ತಲ್ವಾ" ಅಂದರು ಅತ್ತಿಗೆ.

ನಾನು ಕೇಳುತ್ತಿರುವುದೂ ಅಷ್ಟೇ ಕುಮಾರಣ್ಣ. ಬ್ಲೌಸ್ ಅಳತೆ ತೆಗೆಯುವ ಟೈಲರ್ ಕೂಡ "ಕೈ ಸ್ವಲ್ಪ ಎತ್ತಕ್ಕ" ಅಂದೇ ಟೇಪ್ ಇಡುವುದು. ಮುಟ್ಟುವ ಮುಂಚೆ ಎಲ್ಲಿ, ಯಾಕೆ ಅಂತ ಹೇಳಲು ಎರಡು ಸೆಕೆಂಡ್ ಸಾಕು. ಅದರಿಂದ ಯಾವ ಬಾಂಬೂ ತಪ್ಪಿಸಿಕೊಂಡು ಹೋಗುವುದಿಲ್ಲ.

ಈ ವಿಷಯದಲ್ಲಿ ಮಂಡ್ಯಕ್ಕೆ ಒಂದು ಹಳೇ ನಂಟು ಇದೆ. 2010ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿದ್ದ ನಮ್ಮ ರಾಯಭಾರಿ ಮೀರಾ ಶಂಕರ್ ಅವರನ್ನು ಮಿಸಿಸಿಪ್ಪಿಯ ಜಾಕ್ಸನ್ ಏರ್‌ಪೋರ್ಟ್‌ನಲ್ಲಿ ಕ್ಯೂನಿಂದ ಆಚೆ ಕರೆದು ಮೈ ತಡವಿ ನೋಡಿದರು. ರಾಯಭಾರಿ ಅಂತ ಹೇಳಿದರೂ ಬಿಡಲಿಲ್ಲ. ಅವರು ಸೀರೆ ಉಟ್ಟಿದ್ದೇ ಕಾರಣ ಅಂತ ಆಗ ಸುದ್ದಿಯಾಯಿತು. ನಮ್ಮ ವಿದೇಶಾಂಗ ಸಚಿವರಾಗಿದ್ದವರು ಮದ್ದೂರು ತಾಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಅವರು ತಡಮಾಡಲಿಲ್ಲ. ಇದನ್ನು ಭಾರತ ಒಪ್ಪುವುದಿಲ್ಲ, ಅಮೆರಿಕ ಸರ್ಕಾರದ ಜೊತೆ ಮಾತಾಡುತ್ತೇವೆ ಅಂತ ಬಹಿರಂಗವಾಗಿಯೇ ಹೇಳಿದರು. ಆ ಕಡೆಯ ಅಧಿಕಾರಿಗಳು ಎಲ್ಲ ನಿಯಮದಂತೆಯೇ ನಡೆದಿದೆ ಅಂದರು.

ಅವರು ಹೇಳಿದ್ದು ಸುಳ್ಳಾಗಿರಲಿಕ್ಕಿಲ್ಲ. ಆ ನಿಯಮವೇ ಹಾಗಿತ್ತು. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಹೋಗುತ್ತಿದ್ದ ವಿಮಾನದಲ್ಲಿ ಒಬ್ಬ ಒಳಚಡ್ಡಿಯಲ್ಲಿ ಸ್ಫೋಟಕ ಇಟ್ಟುಕೊಂಡು ಬಂದಿದ್ದ. ಅದಾದ ಮೇಲೆ 2010ರ ಕೊನೆಯಲ್ಲಿ ಅಮೆರಿಕದಲ್ಲಿ ಏರ್‌ಪೋರ್ಟ್ ತಪಾಸಣೆ ನೋಡಿಕೊಳ್ಳುವ ಟಿಎಸ್‌ಎ ಎಲ್ಲೆಂದರಲ್ಲಿ ಕೈಯಾಡಿಸಿ ನೋಡುವ ಹೊಸ ಕ್ರಮ ತಂದಿತು. ಜೊತೆಗೆ ಮೈಯ ಆಕಾರವೇ ಕಾಣುವ ಸ್ಕ್ಯಾನರ್‌ಗಳೂ ಬಂದವು. ಆ ನವೆಂಬರ್‌ನಲ್ಲೇ ಡೆಟ್ರಾಯಿಟ್ ಏರ್‌ಪೋರ್ಟ್‌ನಲ್ಲಿ ಕ್ಯಾನ್ಸರ್‌ನಿಂದ ಮೂತ್ರಕೋಶ ಕಳೆದುಕೊಂಡಿದ್ದ ಒಬ್ಬರ ತಪಾಸಣೆ ನಡೆಯಿತು. ಹೊಟ್ಟೆಗೆ ಕಟ್ಟಿದ್ದ ಚೀಲ ಇದೆ, ಜೋಪಾನ ಅಂತ ಅವರು ಹೇಳುತ್ತಲೇ ಇದ್ದರು. ಕೈ ಜೋರಾಗಿ ತಗುಲಿ ಮೂತ್ರ ಬಟ್ಟೆ ಮೇಲೆಲ್ಲ ಚೆಲ್ಲಿತು. ಅದೇ ಬಟ್ಟೆಯಲ್ಲಿ ಅವರು ವಿಮಾನ ಹತ್ತಿದರು. ಆಮೇಲೆ ಟಿಎಸ್‌ಎ ಮುಖ್ಯಸ್ಥರೇ ಕ್ಷಮೆ ಕೇಳಿದರು.

ಅಲ್ಲಿನ ಜನ ಕೂಗಾಡಿದ್ದರಿಂದ ಒಂದಷ್ಟು ಬದಲಾಯಿತು ಅನ್ನುವುದನ್ನು ಮರೆಯಬಾರದು. ಬೆತ್ತಲೆಯಂಥ ಚಿತ್ರ ತೋರಿಸುತ್ತಿದ್ದ ಎಕ್ಸ್‌ರೇ ಸ್ಕ್ಯಾನರ್‌ಗಳನ್ನು 2013ರಲ್ಲಿ ಏರ್‌ಪೋರ್ಟ್‌ಗಳಿಂದ ತೆಗೆದರು. ಈಗಿನ ಯಂತ್ರದಲ್ಲಿ ಗೊಂಬೆಯಂಥ ಒಂದು ಗೆರೆಚಿತ್ರ ಬರುತ್ತದೆ, ಅನುಮಾನ ಇರುವ ಜಾಗದಲ್ಲಿ ಮಾತ್ರ ಗುರುತು ಬೀಳುತ್ತದೆ. ಅಲ್ಲಿ ಪ್ರಯಾಣಿಕರು ಬೇರೆ ಕೋಣೆ ಕೇಳಬಹುದು, ಜೊತೆಗೆ ತಮ್ಮವರೊಬ್ಬರನ್ನು ಕರೆದುಕೊಳ್ಳಬಹುದು. ತಡವುವ ಮುಂಚೆ ಸಿಬ್ಬಂದಿ ವಿವರಿಸಬೇಕು. ಮೈಯಲ್ಲಿ ಲೋಹ, ಚೀಲ, ಯಂತ್ರ ಇದ್ದವರಿಗೆ ಒಂದು ಕಾರ್ಡ್ ಕೂಡ ಇದೆ. ಅದನ್ನು ತೋರಿಸಿದರೆ ತಪಾಸಣೆ ತಪ್ಪುವುದಿಲ್ಲ, ಹತ್ತು ಜನರ ಎದುರು ಬಾಯಿಬಿಟ್ಟು ಹೇಳುವುದು ತಪ್ಪುತ್ತದೆ. ಇಷ್ಟಾದರೂ ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಆದರೆ ಬರೆದಿಟ್ಟಿದ್ದಾರೆ. ಇಂಗ್ಲಿಷ್ ಬರುವ ಮಗಳು ಓದಿ ತಾಯಿಗೆ ಹೇಳಬಹುದು.

ನಮ್ಮಲ್ಲಿ? ನಟಿ, ನೃತ್ಯಗಾತಿ ಸುಧಾ ಚಂದ್ರನ್ ಅವರಿಗೆ ಒಂದು ಕಾಲು ಕೃತಕದ್ದು. ಪ್ರತಿ ಸಲವೂ ಅದನ್ನು ಬಿಚ್ಚಿಸುತ್ತಾರೆ ಅಂತ 2021ರ ಅಕ್ಟೋಬರ್‌ನಲ್ಲಿ ಅವರು ಪ್ರಧಾನಿಗೇ ವಿಡಿಯೋದಲ್ಲಿ ಮನವಿ ಮಾಡಿದರು. ಸಿಐಎಸ್‌ಎಫ್ ಕ್ಷಮೆ ಕೇಳಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ತಪಾಸಣೆಗೆ ಅಂತ ಕೃತಕ ಕೈಕಾಲು ಬಿಚ್ಚಿಸಬಾರದು, ಅಂಗವಿಕಲರನ್ನು ಅವರ ಒಪ್ಪಿಗೆ ಇಲ್ಲದೆ ಎತ್ತಬಾರದು ಅಂತ ಹೇಳಿತು. ಕೋರ್ಟ್ ಹೇಳಿದ ಮೇಲೆ ಬಾಗಿಲಲ್ಲಿ ನಿಂತವರಿಗೆ ಅದು ತಲುಪಬೇಕಲ್ಲ, ಕಷ್ಟ ಇರುವುದು ಅಲ್ಲಿ. ಏರ್‌ಪೋರ್ಟ್ ಒಂದೇ ಅಲ್ಲ. 2025ರ ಏಪ್ರಿಲ್‌ನಲ್ಲಿ ಸಿಇಟಿ ಬರೆಯಲು ಹೋದ ಬೀದರ್‌ನ ಹುಡುಗನೊಬ್ಬ ಜನಿವಾರ ತೆಗೆಯಲ್ಲ ಅಂದಿದ್ದಕ್ಕೆ ಗಣಿತ ಪರೀಕ್ಷೆ ಬರೆಯದೆ ವಾಪಸ್ ಹೋದ. ಜನಿವಾರ ತೆಗೆಸಿ ಅಂತ ಮೇಲಿನವರು ಹೇಳೇ ಇರಲಿಲ್ಲ. ರಾಜ್ಯವೆಲ್ಲ ಗದ್ದಲ ಎದ್ದಿತು. ಪರದೆಯ ಒಳಗೆ ನಡೆದದ್ದಕ್ಕೆ ಗದ್ದಲ ಏಳುವುದಿಲ್ಲ, ಯಾಕೆಂದರೆ ಹೆಂಗಸರು ಅದನ್ನು ಮನೆಯಲ್ಲೇ ಹೇಳಿಕೊಳ್ಳುವುದಿಲ್ಲ.

ಸ್ಕ್ಯಾನರ್ ಬಂದರೆ ಮುಟ್ಟುವುದು ಕಡಿಮೆ ಆಗುತ್ತದೆ ಅನ್ನುತ್ತಾರೆ. ಸರಿ, ಬರಲಿ. ವಿಮಾನಯಾನ ಭದ್ರತೆ ನೋಡಿಕೊಳ್ಳುವ ಬಿಸಿಎಎಸ್ 2019ರಲ್ಲೇ ದೇಶದ 84 ಏರ್‌ಪೋರ್ಟ್‌ಗಳಿಗೆ ಬಾಡಿ ಸ್ಕ್ಯಾನರ್ ಹಾಕಬೇಕು ಅಂತ ಆದೇಶ ಮಾಡಿ 2020ರ ಮಾರ್ಚ್‌ವರೆಗೆ ಗಡುವು ಕೊಟ್ಟಿತ್ತು. ಆ ಗಡುವು ಯಾವತ್ತೋ ದಾಟಿದೆ. ಬರುವ ಯಂತ್ರ ಗೊಂಬೆ ಚಿತ್ರದ್ದೇ ಆಗಿರಲಿ, ಚಿತ್ರ ಎಲ್ಲೂ ಉಳಿಯದಿರಲಿ. ಆದರೆ ಒಂಬತ್ತು ಗಜದ ಸೀರೆಯೋ, ಸೊಂಟದ ಡಾಬೋ, ತಾಳಿ, ಕಾಲುಂಗುರ, ಜಡೆ ತುಂಬ ಪಿನ್ನೋ ಇದ್ದರೆ ಆ ಯಂತ್ರವೂ ಕೈಯನ್ನೇ ಕರೆಯುತ್ತದೆ. ಆದ್ದರಿಂದ ಯಂತ್ರ ಬರುವವರೆಗೆ ಕಾಯೋಣ ಅನ್ನುವ ಉತ್ತರ ನನಗೆ ಬೇಡ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ವಿಮಾನ ಹತ್ತುವ ಮುಂಚಿನ ಮೈ ತಪಾಸಣೆಯಿಂದ ವಿನಾಯಿತಿ ಇರುವವರ ಒಂದು ಪಟ್ಟಿ ಇದೆ. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು, ಸಂಪುಟ ದರ್ಜೆಯ ಕೇಂದ್ರ ಸಚಿವರು ಅದರಲ್ಲಿದ್ದಾರೆ. ಅಂದರೆ ಈಗ ನೀವೂ ಇದ್ದೀರಿ. ಭದ್ರತೆ ದೃಷ್ಟಿಯಿಂದ ಅದು ಸರಿಯೇ ಇರಬಹುದು, ನಾನು ತಕರಾರು ತೆಗೆಯುವುದಿಲ್ಲ. ಆದರೆ ನಿಯಮ ಮಾಡುವ ಮೇಜಿನ ಸುತ್ತ ಕೂರುವ ಸಚಿವರಲ್ಲಿ ಯಾರೂ ಆ ಪರದೆಯ ಒಳಗೆ ಹೋಗಿ ಬರುವುದಿಲ್ಲ. ಹೋಗಿ ಬರುವವರ ಮಾತನ್ನು ಯಾರಾದರೂ ಆ ಮೇಜಿಗೆ ಮುಟ್ಟಿಸಬೇಕು.

ವಿಮಾನಯಾನ ನಿಮ್ಮ ಖಾತೆ ಅಲ್ಲ ಅಂತ ಗೊತ್ತು. ನೀವು ನೋಡಿಕೊಳ್ಳುವುದು ಭಾರೀ ಕೈಗಾರಿಕೆ ಮತ್ತು ಉಕ್ಕು. (ನಮ್ಮ ಅತ್ತಿಗೆ ಮಂಡಿಯಲ್ಲಿರುವುದೂ ಒಂಥರಾ ಉಕ್ಕೇ, ಹಾಗೆ ನೋಡಿದರೆ ನಿಮ್ಮ ಖಾತೆಗೇ ಬರುತ್ತೆ.) ವಿಮಾನಯಾನ ಖಾತೆಯ ಸಚಿವ ರಾಮಮೋಹನ ನಾಯ್ಡು ಅವರು ಸಂಪುಟ ಸಭೆಯಲ್ಲಿ ನಿಮ್ಮ ಜೊತೆಗೇ ಕೂರುತ್ತಾರೆ. ಅವರಿಗೆ ಒಂದು ಪತ್ರ ಬರೆಯಿರಿ. ಮುಟ್ಟುವ ಮುಂಚೆ ಹೇಳಬೇಕು, ಪರದೆ ಪೂರ್ತಿ ಎಳೆದಿರಬೇಕು, ಕೇಳಿದರೆ ಜೊತೆಗೊಬ್ಬರನ್ನು ಬಿಡಬೇಕು, ಮಂಡಿ ಆಪರೇಷನ್ ಆದವರನ್ನು ಕೂರಿಸಿ ನೋಡಬೇಕು. ಇದನ್ನು ಕ್ಯೂ ಶುರುವಾಗುವ ಜಾಗದಲ್ಲೇ ಆಯಾ ರಾಜ್ಯದ ಭಾಷೆಯಲ್ಲಿ ದೊಡ್ಡದಾಗಿ ಬರೆದು ಹಾಕಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ತೊಂದರೆ ಆದವರು ದೂರು ಹೇಳಲು ಅಲ್ಲೇ ಒಬ್ಬ ಮಹಿಳಾ ಅಧಿಕಾರಿ ಇರಲಿ. ವಿಮಾನ ತಪ್ಪಿಹೋಗುವ ಹೊತ್ತಿನಲ್ಲಿ ವೆಬ್‌ಸೈಟ್ ಹುಡುಕಿ ಫಾರಂ ತುಂಬುವವರು ಯಾರು? ಫಾರಂ ತುಂಬಿಯೇ ಹೊಟ್ಟೆ ಹೊರೆಯುವ ನಾನು ಹೇಳುತ್ತಿದ್ದೇನೆ, ಯಾರೂ ತುಂಬಲ್ಲ.

ಸಚಿವರಾದ್ದರಿಂದ ನೀವೇ ಲೋಕಸಭೆಯ ಪ್ರಶ್ನೋತ್ತರ ವೇಳೆಯಲ್ಲಿ ಎದ್ದು ಕೇಳುವ ಹಾಗಿಲ್ಲ. ಪಕ್ಕದ ಮೈಸೂರಿನ ಸಂಸದ ಯದುವೀರ್ ಅವರು ಕೇಳಬಹುದಲ್ವಾ? ಅವರ ಕ್ಷೇತ್ರದ ತಾಯಂದಿರೂ ಇದೇ ವಿಮಾನ ಹತ್ತುತ್ತಾರೆ. ಬರುವ ಅಧಿವೇಶನದಲ್ಲಿ ಅವರ ಕೈಲಿ ಎರಡು ಪ್ರಶ್ನೆ ಹಾಕಿಸಿ. ಮಹಿಳೆಯರ ಮೈ ತಪಾಸಣೆ ಹೇಗೆ ನಡೆಯಬೇಕು ಅನ್ನುವ ನಿಯಮವನ್ನು ಪ್ರಯಾಣಿಕರಿಗೆ ಅವರ ಭಾಷೆಯಲ್ಲಿ ಯಾವಾಗ ಕೊಡುತ್ತೀರಿ? 2019ರ ಸ್ಕ್ಯಾನರ್ ಆದೇಶದಂತೆ ಇವತ್ತಿಗೆ ಎಷ್ಟು ಏರ್‌ಪೋರ್ಟ್‌ನಲ್ಲಿ ಯಂತ್ರ ಕೆಲಸ ಮಾಡುತ್ತಿದೆ? ಲಿಖಿತ ಉತ್ತರ ಬಂದರೂ ಸಾಕು. ಕನ್ನಡದಲ್ಲಿ ಇದ್ದರೆ ನಾನೇ ಪ್ರಿಂಟ್ ತೆಗೆದು ಅಂಗಡಿ ಬಾಗಿಲಿಗೆ ಅಂಟಿಸುತ್ತೇನೆ.

ಇಂತಿ,
ಮಂಡ್ಯದ ಒಬ್ಬ ಸೈಬರ್ ಸೆಂಟರ್ ಅಕ್ಕ