ಮಲ್ಲಿಗೆ ಹೂವು, ಚಿಲ್ಲರೆ, ಫೋಟೋ: ಮಗಳಿಗೊಂದು ಪತ್ರ

ಪುಟ್ಟೀ,

ಫೋನ್ ಮಾಡಿದ್ರೆ "ಚೆನ್ನಾಗಿದೀನಮ್ಮ, ಊಟ ಆಯ್ತು" ಅಂತ ಎರಡೇ ಮಾತಿಗೆ ಇಟ್ಬಿಡ್ತೀಯ, ಅದಕ್ಕೇ ಬರೀತಾ ಇದೀನಿ. ಒಂದೇ ಸಲಕ್ಕೆ ಓದ್ಬೇಕು ಅಂತೇನಿಲ್ಲ, ಉತ್ತರ ಬರೀಬೇಕು ಅಂತಾನೂ ಇಲ್ಲ.

ಹೋದ ಭಾನುವಾರ ಮೈಸೂರಿಗೆ ಬಂದಿದ್ನಲ್ಲ, ದೇವರಾಜ ಮಾರ್ಕೆಟ್ಟಲ್ಲಿ ನೀನು ಒಂದು ಮೊಳ ಮಲ್ಲಿಗೆ ತಗೊಂಡೆ. 50ರ ನೋಟು ಕೊಟ್ಟೆ, ಹೂವಿನಮ್ಮ 20 ರೂಪಾಯಿ ವಾಪಸ್ ಕೊಟ್ರು. ನೀನು ಆ ಎರಡು ಹತ್ತರ ನೋಟನ್ನ ಅಂಗೈ ಮೇಲೆ ಬಿಡಿಸಿಟ್ಕೊಂಡು, ಪಕ್ಕಕ್ಕೆ ಹೂವಿನ ಪೊಟ್ಣ ಹಿಡ್ಕೊಂಡು, ಇನ್ನೊಂದು ಕೈಲಿ ಫೋಟೋ ತೆಗೆದೆ. ಯಾಕೆ ಪುಟ್ಟಿ ಅಂದೆ. ನೀನು ಒಂದು ಗಳಿಗೆ ಹಂಗೇ ನಿಂತ್ಕೊಂಡೆ, ಆಮೇಲೆ "ಅಭ್ಯಾಸ ಆಗೋಗಿದೆ" ಅಂದೆ. ಗಂಡನ ಮನೆ ಬಿಟ್ಟು ಏಳು ತಿಂಗಳಾಯ್ತು ಕಣೇ, ಲೆಕ್ಕ ಕೇಳೋರು ಈಗ ಯಾರೂ ಇಲ್ಲ, ಆದ್ರೂ ಕೈ ತಾನಾಗೇ ಫೋನ್ ತೆಗೀತು. ಬಸ್ಸಲ್ಲಿ ಮಂಡ್ಯಕ್ಕೆ ವಾಪಸ್ ಬರ್ತಾ ಶ್ರೀರಂಗಪಟ್ಟಣ ದಾಟಿದ್ದೂ ನಂಗೆ ಗೊತ್ತಾಗ್ಲಿಲ್ಲ, ಕಣ್ಣು ಮುಂದೆ ನಿನ್ನ ಅಂಗೈ ಒಂದೇ ಇತ್ತು.

31 ವರ್ಷ ಸರ್ವೀಸ್ ಮಾಡ್ದೆ, ಮನೆಮನೆ ತಿರುಗ್ದೆ, ಊರೋರೆಲ್ಲ ಸಿಸ್ಟರಮ್ಮ ಅಂತಿದ್ರು. ಬಾಣಂತಿ ನೋಡೋಕೆ ಹೋದಾಗ ಯಾವುದಾದ್ರೂ ಹೆಣ್ಮಗಳು ಅತ್ತ್ರೆ ನಾನು ಕೇಳ್ತಿದ್ದಿದ್ದು ಒಂದೇ, ಹೊಡೀತಾನಾ ಅಂತ. ಇಲ್ಲ ಅಂದ್ರೆ ಸಮಾಧಾನ ಹೇಳಿ ಮುಂದಿನ ಮನೆಗೆ ಹೋಗ್ತಿದ್ದೆ. ನಿನ್ನನ್ನೂ ಅದನ್ನೇ ಕೇಳ್ದೆ. ಕೈ ಮಾಡ್ತಾನಾ ಅಂದೆ, ಇಲ್ಲಮ್ಮ ಅಂದೆ ನೀನು, "ಹಂಗಾದ್ರೆ ಸರಿಹೋಗುತ್ತೆ ಬಿಡು, ಸ್ವಲ್ಪ ದಿನ ನೋಡು" ಅಂದ್ಬಿಟ್ಟೆ. ಆ ಮಾತು ನಾನಾಡಬಾರದಿತ್ತು. ಅದಕ್ಕೆ ನಿನ್ನ ಹತ್ರ ಕ್ಷಮೆ ಕೇಳ್ತೀನಿ, ನೀನು ಕ್ಷಮಿಸಿದೀನಿ ಅಂತ ಹೇಳ್ಲೇಬೇಕು ಅಂತ ಏನಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಲಿ ಹೊಡೆಯೋದು ಒಂದೇ ಅಲ್ಲ, ಮಾತಿನ ಹಿಂಸೆ, ಮನಸ್ಸಿಗೆ ಕೊಡೋ ಹಿಂಸೆ, ದುಡ್ಡಿನ ವಿಷಯದಲ್ಲಿ ಕಟ್ಟಿಹಾಕೋದು ಎಲ್ಲಾನೂ ಹಿಂಸೆ ಅಂತಲೇ ಬರೆದಿದಾರೆ. ಮಕ್ಕಳಾಗಿಲ್ಲ ಅಂತ ಹೀಯಾಳಿಸೋದು ಕೂಡ ಬಿಡಿಸಿ ಬರೆದಿದಾರೆ. ಅದನ್ನ ಓದಿದಾಗ ಎದೆ ಝಲ್ ಅಂತು ಕಣೇ, ನಿನ್ನ ಐದು ವರ್ಷನ ಯಾರೋ ಪಕ್ಕದಲ್ಲಿ ಕೂತು ನೋಡಿ ಬರೆದಂಗೆ ಇತ್ತು. ಕೋರ್ಟು ಕೇಸು ನಿನ್ನಿಷ್ಟ, ಆ ಮಾತು ಇವತ್ತು ಬೇಡ. ನಿಂಗಾಗಿದ್ದಕ್ಕೆ ಒಂದು ಹೆಸರಿದೆ, ನೀನು ಅತಿಯಾಗಿ ಮನಸ್ಸಿಗೆ ಹಚ್ಕೊಂಡಿದ್ದಲ್ಲ ಅಂತ ಹೇಳೋಕೆ ಇಷ್ಟು ಬರೆದೆ.

ಈಗ ಆ ಕೌನ್ಸಿಲಿಂಗ್ ವಿಷಯ. ಅಲ್ಲಿಗೆ ನಿನ್ನ ಕರ್ಕೊಂಡು ಹೋಗಿದ್ದು ನಾನೇ. ಆ ಮೇಡಂ ನಿನ್ನ ಮಾತು ಹತ್ತು ನಿಮಿಷ ಕೇಳಿ "ಗಂಡಸ್ರು ಟೆನ್ಷನ್ನಲ್ಲಿ ಏನೋ ಅಂತಾರೆ, ನೀವೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಅಂದ್ರು, ಮುಂದಿನ ಸಲ ಅವನನ್ನೂ ಕರೆಸಿ ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ರು, ನೀನು ಅಲ್ಲಿ ಹೇಳಿದ್ದಕ್ಕೆಲ್ಲ ಮನೆಗೆ ಹೋದ್ಮೇಲೆ ಮೂರು ದಿನ ಅವನ ಹತ್ರ ಅನ್ನಿಸ್ಕೊಂಡೆ. ಅದಾದ್ಮೇಲೆ ನೀನು "ಇನ್ಯಾರ ಹತ್ರಾನೂ ಹೇಳಲ್ಲ" ಅಂದೆ. ನಿಂಗೆ ಹಂಗನ್ನಿಸಿದ್ದು ಸರಿಯಾಗೇ ಇದೆ. ಆದ್ರೆ ಅವ್ರು ಮಾಡಿದ್ದು ಚಿಕಿತ್ಸೆ ಅಲ್ಲ ಪುಟ್ಟಿ. ಹೆದರಿಸೋನು ಮನೇಲೇ ಇದಾನೆ ಅಂದಾಗ ಜೋಡಿಯಾಗಿ ಕೂರಿಸಿ ಮಾತಾಡಿಸಬಾರದು, ಹೆಂಗಸು ಬಾಯಿಬಿಟ್ಟು ಹೇಳಿದ್ದೇ ಆಮೇಲೆ ಅವಳಿಗೆ ಮುಳುವಾಗುತ್ತೆ ಅನ್ನೋದು ಈ ಕೆಲಸ ಚೆನ್ನಾಗಿ ಬಲ್ಲೋರಿಗೆ ಗೊತ್ತಿರೋ ವಿಷಯ.

ಬೋರ್ಡ್ ನೋಡಿ ಒಳಗೆ ಹೋಗಿದ್ದೇ ನಾವು ಮಾಡಿದ ತಪ್ಪು. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಮೇಲೆ ಮನೋರೋಗದಲ್ಲೇ ಓದಿರೋ ಡಾಕ್ಟ್ರು, ಮಾತ್ರೆ ಬರ್ಕೊಡೋರು ಅವ್ರೇ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡಲ್ಲ, ಕೂರಿಸಿಕೊಂಡು ವಾರ ವಾರ ಥೆರಪಿ ಮಾಡ್ತಾರೆ, ಅವ್ರಿಗೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಮಂಡಳಿ ಕೊಡೋ ರಿಜಿಸ್ಟ್ರೇಷನ್ ನಂಬರ್ ಇರುತ್ತೆ, ಕೇಳಿದ್ರೆ ಮುಚ್ಚುಮರೆ ಇಲ್ದೆ ಕೊಡ್ಬೇಕು. ಕೌನ್ಸೆಲರ್ ಅನ್ನೋ ಹೆಸರನ್ನ ಮಾತ್ರ ಯಾರು ಬೇಕಾದ್ರೂ ಹಾಕ್ಕೊಂಡು ಕೂತಿರ್ತಾರೆ, ಅವರಲ್ಲೂ ಒಳ್ಳೇರಿದಾರೆ, ಆದ್ರೆ ಏನು ಓದಿದೀರಿ, ಎಷ್ಟು ವರ್ಷದಿಂದ ಮಾಡ್ತಿದೀರಿ ಅಂತ ಕೇಳ್ದೆ ಹೋಗ್ಬಾರ್ದು. ನಿಂಗೆ ರಾತ್ರಿ ಮೂರು ಗಂಟೆವರೆಗೂ ನಿದ್ದೆ ಬರಲ್ಲ, ಮೆಸೇಜ್ ಸದ್ದಾದ್ರೆ ಎದ್ದು ಕೂರ್ತೀಯ ಅಂತ ನಿಮ್ಮ ಚಿಕ್ಕಮ್ಮ ಹೇಳಿದ್ಲು, ಬೈಬೇಡ ಅವಳಿಗೆ. ಅದಕ್ಕೆ ಒಂದು ಸಲ ಸೈಕಿಯಾಟ್ರಿಸ್ಟ್‌ನೂ ನೋಡೋದು ಒಳ್ಳೇದು ಅಂತ ನಂಗನ್ಸುತ್ತೆ. ಮೈಸೂರಲ್ಲೇ ಕೆ.ಆರ್. ಆಸ್ಪತ್ರೇಲಿ ಮನೋರೋಗ ವಿಭಾಗ ಇದೆ, ಇಲ್ಲಿ ಮಂಡ್ಯದ ನಮ್ಮ ಮಿಮ್ಸ್ ಸರ್ಕಾರಿ ಆಸ್ಪತ್ರೇಲೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ದೊಡ್ಡ ಆಸ್ಪತ್ರೆ ನಿಜ, ಆದ್ರೆ ಅವನಿರೋ ಊರಿಗೆ ಹೋಗು ಅಂತ ನಾನು ಹೇಳಲ್ಲ. ಮಂಡ್ಯ ಬೇಡ, ಯಾರಾದ್ರೂ ಗುರ್ತಿನೋರು ಸಿಕ್ಕಿ ಏನಮ್ಮ ಇಲ್ಲಿ ಅಂತಾರೆ ಅನ್ನಿಸಿದ್ರೆ ಅದೂ ಸರಿ.

ಟೆಲಿ ಮಾನಸ್ ಅಂತ ಸರ್ಕಾರದ್ದೇ ಫೋನ್ ಸೇವೆ 2022ರ ಅಕ್ಟೋಬರಿಂದ ಇದೆ, 14416. ಹಗಲೂ ರಾತ್ರಿ ಇರುತ್ತೆ, ದುಡ್ಡಿಲ್ಲ. ಕೊಡೋಕ್ಮುಂಚೆ ನಾನೇ ಮಾಡಿ ನೋಡಿದೆ, ಆ ಹುಡುಗಿ ಕನ್ನಡದಲ್ಲೇ ಮಾತಾಡಿದ್ಲು, ನಿನ್ನ ಹೆಸರು ಹೇಳ್ಲಿಲ್ಲ, ನನ್ನ ಮಗಳಿಗೆ ಹಿಂಗೆ ಅಂದೆ ಅಷ್ಟೇ, ಅರ್ಧ ದಾರೀಲಿ ನನಗೇ ಅಳು ಬಂತು, ಅವಳು ಫೋನ್ ಇಡದೆ ಕಾದ್ಲು. ಬದುಕೋದು ಬೇಡ ಅಂತ ಯಾವತ್ತಾದ್ರೂ ಅನ್ನಿಸಿದ್ರೆ ಟೈಮ್ ನೋಡ್ಬೇಡ, ಅವ್ರಿಗೆ ಮಾಡು ಇಲ್ಲ ನಂಗೆ ಮಾಡು. 45 ಕಿಲೋಮೀಟರ್ ನಂಗೊಂದು ದೂರ ಅಲ್ಲ.

ಹೊಸಬ್ರ ಹತ್ರ ಹೋದಾಗ ಮೊದಲ್ನೇ ದಿನಾನೇ ಎಲ್ಲಾ ಹೇಳ್ಬೇಕು ಅಂತಿಲ್ಲ ಕಣೇ. ಇಂಥ ಮನೆಯಿಂದ ಬಂದೋರಿಗೆ ಮುಂಚೆ ಚಿಕಿತ್ಸೆ ಮಾಡಿದೀರಾ ಅಂತ ನೀನೇ ಕೇಳು. ಫೀಸೆಷ್ಟು, ಒಂದು ವಾರ ತಪ್ಪಿಸಿದ್ರೆ ಏನು, ಅದೂ ಕೇಳು. ಅವನ ಪರ ವಹಿಸಿದ್ರೆ, ನೀನೇನ್ಮಾಡ್ದೆ ಅವನಿಗೆ ಅಷ್ಟು ಸಿಟ್ಟು ಬರೋಕೆ ಅಂದ್ರೆ, ಎದ್ದು ಬಾ. ಇಬ್ಬರು ಮೂವರನ್ನ ನೋಡಿ ಆಮೇಲೆ ಒಬ್ರನ್ನ ಆರಿಸ್ಕೊಂಡ್ರೂ ಯಾರಿಗೂ ಅವಮಾನ ಅಲ್ಲ. ಇನ್ನೊಂದು, ಕನ್ನಡ ಬರೋರನ್ನೇ ನೋಡು. ನೀನು ಇಂಗ್ಲಿಷ್ ಚೆನ್ನಾಗಿ ಮಾತಾಡ್ತೀಯ, ಆದ್ರೆ ಅವನು ಅಂದಿದ್ದೆಲ್ಲ ಕನ್ನಡದಲ್ಲಿ ತಾನೇ. "ದಂಡಪಿಂಡ" ಅಂತ ಊಟದ ತಟ್ಟೆ ಮುಂದೆ ಅಂದ್ನಲ್ಲ, ಅದನ್ನ ಇಂಗ್ಲಿಷಲ್ಲಿ ಹೇಳಿದ್ರೆ ಏನು ಉಳಿಯುತ್ತೆ ಅದ್ರಲ್ಲಿ, ಕೇಳೋರಿಗೆ ಎಲ್ಲಿ ಚುಚ್ತು ಅಂತ ಹೆಂಗೆ ಗೊತ್ತಾಗ್ಬೇಕು?

ಶುರುಶುರೂಲಿ ಹೋಗಿಬಂದ ದಿನ ಇನ್ನೂ ಸುಸ್ತಾಗ್ಬಹುದು, ಮುಚ್ಚಿಟ್ಟಿದ್ದನ್ನ ತೆಗೆದಾಗ ಹಂಗಾಗುತ್ತೆ, ಆ ದಿನ ಅಡುಗೆ ಗಿಡುಗೆ ಇಟ್ಕೋಬೇಡ. ಅದು ನಿಲ್ದೆ ವಾರಗಟ್ಲೆ ಜಾಸ್ತಿ ಆಗ್ತಾ ಹೋದ್ರೆ ಮಾತ್ರ ಅವ್ರಿಗೇ ಹೇಳು.

ಒಳಗೆ ಏನು ಮಾತಾಡ್ದೆ ಅಂತ ನಾನು ಕೇಳಲ್ಲ. ನಿಮ್ಮಪ್ಪನೂ ಕೇಳಲ್ಲ, ಅವರತ್ರ ಮಾತು ತಗೊಂಡಿದೀನಿ. ನಿನ್ನ ವಿಷಯ ಗುಟ್ಟಾಗಿಡಬೇಕು ಅನ್ನೋದು 2017ರ ಮಾನಸಿಕ ಆರೋಗ್ಯ ಕಾಯ್ದೆಲೇ ಇದೆ, ಜೀವಕ್ಕೆ ಅಪಾಯ ಅನ್ನೋ ಥರದ ಸಂದರ್ಭ ಬೇರೆ. ನನ್ನ ಬಗ್ಗೆ ಸಿಟ್ಟಿದ್ರೆ ಅಲ್ಲಿ ಅದನ್ನೂ ಹೇಳ್ಕೋ ಪುಟ್ಟಿ, ಇರುತ್ತೆ ಅಂತ ನಂಗೊತ್ತು.

ಶನಿವಾರ ಬೆಳಿಗ್ಗೆ ಟ್ರೈನಿಗೆ ಬರ್ತೀನಿ. ಆಸ್ಪತ್ರೆಗೆ ಹೋಗೋಣ ಅಂದ್ರೆ ಹೋಗೋಣ, ನಾನು ಹೊರಗೇ ಬೆಂಚ್ ಮೇಲೆ ಕೂತಿರ್ತೀನಿ. ಬೇಡ ಅಂದ್ರೆ ಕುಕ್ಕರಹಳ್ಳಿ ಕೆರೆ ಹತ್ರ ಒಂದು ಸುತ್ತು ಹಾಕಿ ವಾಪಸ್ ಬರ್ತೀನಿ. ಅವರೆಕಾಳು ಬಿಡಿಸಿಟ್ಟಿದೀನಿ, ಸಾರಿಗಾ ಉಪ್ಪಿಟ್ಟಿಗಾ ಹೇಳು. ಹೂವು ಮಲ್ಲಿಗೆ ತರ್ಲಾ ಕನಕಾಂಬರ ತರ್ಲಾ ಅದನ್ನೂ ಹೇಳು. "ನಿಂಗೆ ಯಾವ್ದು ಬೇಕೋ ಅದು" ಅನ್ಬೇಡ, ಎಷ್ಟೊತ್ತು ಯೋಚ್ನೆ ಮಾಡಿದ್ರೂ ಪರವಾಗಿಲ್ಲ, ಶುಕ್ರವಾರ ಸಾಯಂಕಾಲದವರೆಗೂ ಕಾಯ್ತೀನಿ.

ಅಮ್ಮ
ಮಂಡ್ಯ