ಟಾಕೀಸಿನೊಳಗ ನಾಟಕ: ಗೆಳೆಯನಿಗೊಂದು ಪತ್ರ

ದೋಸ್ತ,

ಗದಗಿನ ಪ್ಯಾಟ್ಯಾಗ ಬಂದ್ ಬಿದ್ದ ಟಾಕೀಸನ್ನ ನಾಟಕಕ್ಕ ಹಿಡೀತೀರಿ ಅಂತ ಕೇಳಿ ಖರೇನ ಖುಷಿ ಆತು. ಗರುಡ ಸದಾಶಿವರಾಯರು ನಾಟಕ ಕಂಪನಿ ಕಟ್ಟಿದ ಊರದು. 1934ರಾಗ ಕನ್ನಡದ ಮೊದಲ ಟಾಕಿ ಬಂತು, ಮುಂದ ಎಷ್ಟೋ ನಾಟಕದ ಥೇಟರು ಬಿಳೀ ಪರದೆ ಕಟ್ಟಿದವು. ಈಗ ನಾಟಕ ತಿರುಗಿ ಬಂದ್ರ ಹಳೇ ಬಾಡಿಗಿದಾರ ಮನಿಗೆ ಬಂದಂಗ.

ಆದ್ರ ಪರದೆ ಬಿಚ್ಚಿದ ಕೂಡ್ಲೇ ರಂಗ ಸಿಗಂಗಿಲ್ಲ. ಹಿಂದ ಸ್ಪೀಕರ್ ಇಡಾಕ ನಾಕೈದು ಅಡಿ ಇರ್ತೈತಿ, ಅಷ್ಟ. ನಾಟಕಕ್ಕ ಏನಿಲ್ಲಂದ್ರೂ 20 ಅಡಿ ಆಳ ಬೇಕು. ಮುಂದಿನ ಸಾಲು ಕಿತ್ತು ರಂಗಾನ ಜನರ ಕಡೆ ತರಬೇಕು. ಎತ್ತರ 3 ಅಡಿ ಸಾಕು, 4 ಮಾಡಿದ್ರ ಮುಂದ ಕುಂತವರಿಗೆ ನಟರ ಪಾದಾನ ಕಾಣಂಗಿಲ್ಲ. ಮೊದಲಿಗೆ ಬಾಲ್ಕನಿಯ ಕೊನೇ ಖುರ್ಚಿಯಾಗ ಕುಂತು ನೋಡು. ರಂಗ ಮುಂದ ಬಂದಷ್ಟೂ ಬಾಲ್ಕನಿ ಕಟಕಟೆ ಅಡ್ಡ ಬರ್ತೈತಿ.

ರಂಗಕ್ಕ ಬೆಳಕು ಚೆಲ್ಲೂ 1000 ವ್ಯಾಟಿನ ಪಾರ್ ದೀಪ 20 ಹಚ್ಚಿದ್ರ 87 ಆಂಪಿಯರ್ ಎಳೀತಾವ. ಮೂರೂ ಫೇಸಿಗೆ ಹಂಚು. ಬೆಳಕು ಏರಿಸಿ ಇಳಸೂ ಡಿಮ್ಮರ್ ಬೋರ್ಡು ಪ್ರೊಜೆಕ್ಟರ್ ರೂಮಿನಾಗ ಇಡು, ಆದ್ರ ಕಿಂಡಿಯ ಗಾಜು ತೆಗೀ. ಮಾತು ಕೇಳದಿದ್ರ ಬೆಳಕಿನವ ಹೊತ್ತು ತಪ್ಪತಾನ.

ಎಲ್ಲಾಕಿಂತ ದೊಡ್ಡ ಕೆಲಸ ಗೋಡೆದು. ರಂಗದ ಜಾಗದಾಗ ನಿಂತು ಒಂದ ಚಪ್ಪಾಳಿ ಹೊಡಿ. ಟಪ್ ಅಂದು ಅಲ್ಲೇ ಸತ್ತ್ರ, ಟಾಕೀಸು ಇನ್ನೂ ಸಿನೆಮಾದ್ದ ಐತಿ ಅಂತ ತಿಳಿ. ಗ್ಲಾಸ್‌ವುಲ್, ತೂತಿನ ಹಲಗಿ ಎಲ್ಲಾ ದನಿ ನುಂಗಲಿ ಅಂತನ ಹಾಕಿರ್ತಾರ. ಸ್ಪೀಕರಿಗೆ ಅದು ಬರೋಬ್ಬರಿ, ಮೈಕಿಲ್ಲದ ಗಂಟಲಿಗೆ ವಿಷ. ರಂಗದ ಹತ್ರದ ಎರಡೂ ಗೋಡಿ, ಮ್ಯಾಲಿನ ಸೀಲಿಂಗು ಬಿಚ್ಚಿಸಿ ದಪ್ಪನ್ನ ಪ್ಲೈವುಡ್ ಬಡಸು. ಹಿಂದಿನ ಗೋಡಿ ಮಾತ್ರ ಹಂಗ ಬಿಡು, ಇಲ್ಲಂದ್ರ ಮಾರ್ದನಿ ನಟನ ಮ್ಯಾಲೆ ತಿರುಗಿ ಬರ್ತೈತಿ. ಆಟ ನಡದಾಗ ಎಕ್ಸಾಸ್ಟ್ ಫ್ಯಾನ್ ಬಂದ್.

ಬರೀಬಾರದಂತ ಮಾಡಿದ್ದೆ, ಬರೀತೀನಿ. ನನ್ನ ಹೆದರಿಕಿ ಗೋಡೆದ್ದಲ್ಲ, ಕಿವೀದು. ಮೈಕಿಲ್ಲದ ಮಾತು ಕೇಳಾಕ ನಾನೂ ಈಗ ಮುಂದ ಬಾಗಿ ಕೂಡ್ತೀನಿ. ವಯಸ್ಸಂತ ಮಂದಿಗೆ ಹೇಳ್ತೀನಿ. ವಯಸ್ಸಲ್ಲ, ಕೇಳೂ ರೂಢಿ ತಪ್ಪೇತಿ. ಕಾಲರ್ ಮೈಕ್ ಒಮ್ಮೆ ಸಿಗಸಿದ್ರ ನಟ ಕೊನೇ ಸಾಲಿಗೆ ದನಿ ಎಸಿಯೂದ ಮರೀತಾನ. ಗೋಡಿ ಸರಿ ಮಾಡಾಕ ಬಡಿಗ್ಯಾರ ಸಿಗ್ತಾರ, ಆ ದನಿ ಕಲಸಾಕ ಯಾರನ್ನ ಹುಡಕೂದು?

ಇರಲಿ, ಭಾಳ ಬರದೆ. ರವಿವಾರ ಬರ್ತೀನಿ, 100 ಅಡಿ ಟೇಪು, ಎತ್ತರದ ಏಣಿ ತರಸಿಡು. ಗಿರಮಿಟ್ಟಿನ ಪಂಥ ಹಂಗ ಉಳದೈತಿ, ಈ ಸಲ ಉಳ್ಳಾಗಡ್ಡಿ ನೀನ ಹೆಚ್ಚಬೇಕು.

ನಿನ್ನ,
ಮೂರನೇ ಗಂಟಿ